ಉಪ್ಪಾಗೆಯ ಕೊಯಿಲೂ ಸಿಂಗಳೀಕವೂ

ಕೋತಿಯೆಂದೊಡನೆ ಮಲೆನಾಡಿನ ತೋಟದ ಒಡೆಯರು ಬೇಸರಪಡುವುದು ಸಹಜವೇ. ಆದರೆ ಬಾಳೆ, ಏಲಕ್ಕಿಗಳನ್ನು ಹಾಳುಮಾಡುವ ಮಂಗನೊಡನೆ ಸಿಂಗಳೀಕವನ್ನು ಸೇರಿಸಿ ಎಣಿಸುವುದು ಸರಿಯಲ್ಲ. ಸಿಂಗಳೀಕದ ಮೈ ಕಪ್ಪು. ಮುಖದ ಸುತ್ತ ಬೂದುಬಣ್ಣದ ಕೇಸರವುಂಟು. ಬಾಲದ ತುದಿಯಲ್ಲಿ ಸಿಂಹಕ್ಕಿರುವಂತಹ ಕುಚ್ಚು. ಪಶ್ಚಿಮ ಘಟ್ಟಗಳ ಹೊರತು ಪ್ರಪಂಚದಲ್ಲಿ ಬೇರೆಲ್ಲಿಯೂ ಇದರ ಸಹಜವಾಸವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ ಶಿರಸಿ, ಹೊನ್ನಾವರಗಳ ಕಾಡುಗಳಲ್ಲಿ ಇದರ ಗುಂಪುಗಳನ್ನು ಶೋಧಿಸಿದರು. ಅಘನಾಶಿನಿ ಕಣಿವೆಯ ಕಾಡುಗಳು 2011ರಲ್ಲಿ ಸಂರಕ್ಷಣಾ ಮೀಸಲಾದವು. 2019ರಲ್ಲಿ ಅವನ್ನು 1972ರ ಶರಾವತಿ ಕಣಿವೆ ಅಭಯಾರಣ್ಯದೊಡನೆ ಕೂಡಿಸಿ, ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನಾಗಿ ಘೋಷಿಸಲಾಯಿತು.

ಈ ಪ್ರಾಣಿಯು ಬಹುಪಾಲು ಮರದ ಮೇಲೆಯೇ ಬಾಳುವುದು. ಕೊಂಬೆಗೆ ಕೊಂಬೆ ತಾಗಿರುವಲ್ಲಿ ಅದಕ್ಕೆ ದಾರಿಯುಂಟು. ಕಡಿದು ತೆರಪು ಮಾಡಿದಲ್ಲಿ ದಾರಿ ಮುಗಿಯಿತು. ಹೆಣ್ಣು ಈಯುವುದು ಒಂದೇ ಮರಿ, ಅದೂ ವರ್ಷವರ್ಷವಲ್ಲ. ಆದ್ದರಿಂದ ಒಮ್ಮೆ ಕುಗ್ಗಿದ ಗುಂಪು ಬೇಗ ಹೆಚ್ಚಲಾರದು.

ಇದರ ಆಹಾರಗಳಲ್ಲಿ ಉಪ್ಪಾಗೆಯ ಹಣ್ಣೂ ಒಂದು. ನಮಗಾದರೋ ಅದರ ಒಣಸಿಪ್ಪೆ ವ್ಯಾಪಾರದ ಸರಕು. ತಾನು ಬಿಟ್ಟರೆ ಮತ್ತೊಬ್ಬನು ಕೊಯ್ಯುವನೆಂಬ ಆತುರದಿಂದ ಎಳೆಗಾಯಿಗಳನ್ನೇ ಕೊಂಬೆಸಮೇತ ಕಡಿದುಹಾಕುವ ರೂಢಿ ಕೆಲವೆಡೆ ಉಂಟು. ಎಳೆಗಾಯಿಯ ಸಿಪ್ಪೆಗೆ ಸತ್ವ ಸಾಲದು; ಕಡಿದ ಕೊಂಬೆಯು ಮುಂದಿನ ವರ್ಷ ಫಲಿಸದು. ಇದು ಕಳ್ಳತನಕ್ಕಿಂತಲೂ ದಡ್ಡತನವೆನ್ನಬೇಕು. ಮಳೆಗಾಲದಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಲು ಉರಿಸುವ ಸೌದೆಯೂ ಅದೇ ಕಾಡಿನದು.

ಕಾಡು ಕೇವಲ ಕಪಿಗಳ ಮನೆಯೆಂದು ತಿಳಿಯಬಾರದು. ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ಮೇಲೆತ್ತಿ ಜೌಗಿನಲ್ಲಿ ನಿಂತಿರುವುದನ್ನು ಕಾಣಬಹುದು. ಬೇಸಗೆಯಲ್ಲಿ ಕೆಳಗಿನ ಅಡಿಕೆತೋಟಗಳನ್ನು ಕಾಯುವುದು ಇಂತಹ ಕಾನುಗಳಿಂದಿಳಿಯುವ ಹಳ್ಳಗಳೇ.

ಆದಕಾರಣ ಗ್ರಾಮಪ್ರಮುಖರು ಮಳೆಗೆ ಮುಂಚೆಯೇ ಜನರನ್ನು ಕೂಡಿಸಿ, ಹಣ್ಣು ಬಲಿಯುವ ಮುನ್ನ ಯಾರೂ ಕೊಯ್ಯದಂತೆ ಒಂದು ದಿನವನ್ನು ಗೊತ್ತುಮಾಡತಕ್ಕದ್ದು. ಕೊಂಬೆ ಕಡಿಯಕೂಡದು, ಪ್ರತಿ ಮರದಲ್ಲಿಯೂ ಒಂದಷ್ಟು ಹಣ್ಣನ್ನು ಉಳಿಸತಕ್ಕದ್ದು. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿರ್ಬಂಧಗಳಿರುವುದರಿಂದ ಅರಣ್ಯಾಧಿಕಾರಿಗಳಲ್ಲಿ ವಿಚಾರಿಸದೆ ಯಾವುದನ್ನೂ ತರಬಾರದು. ಸ್ವಂತ ಜಮೀನುಳ್ಳವರು ಅಂಚಿನಲ್ಲಿ ಉಪ್ಪಾಗೆಯ ಕಸಿಗಿಡಗಳನ್ನು ನೆಡಬಹುದು. ಬೀಜವು ಮೊಳೆಯಲು ತಿಂಗಳುಗಳೇ ಹಿಡಿಯುವುವು. ಕಸಿಗಿಡವು ಬೀಜದ ಗಿಡಕ್ಕಿಂತ ಬಹಳ ಬೇಗ ಫಲಕ್ಕೆ ಬರುವುದು.