ಒರೆಯ ತುದಿಗೆ ಯಾವ ಅಂಟು?

ಹೂಲಿ, ಸವದತ್ತಿ, ಕಿತ್ತೂರು ಕಡೆ ಮಹಾನವಮಿಯ ಖಂಡೆಪೂಜೆಗೆಂದು ಹಳೆಯ ಕತ್ತಿ, ಚೂರಿಗಳನ್ನು ಹೊರತೆಗೆದಾಗ, ತೊಗಲಿನ ಒರೆಯ ತುದಿಯ ಹಿತ್ತಾಳೆ ಟೊಪ್ಪಿಗೆ ಕಳಚಿ ಕೈಗೆ ಬರುವುದುಂಟು. ಕೂಡಲೇ ಫೆವಿಕ್ವಿಕ್ ಹಚ್ಚಬೇಡಿ. ಅದು ಒಣಗಿದರೆ ಪೆಡಸು; ತೊಗಲು ಬಾಗಿದಾಗ ಬಿರಿಯುತ್ತದೆ. ಬಡಿಗರ ಬಿಳಿ ಫೆವಿಕಾಲ್ ಕೂಡ ಬೇಡ, ಲೋಹಕ್ಕೆ ಅದು ಸರಿಯಾಗಿ ಹಿಡಿಯದು.

ಟೊಪ್ಪಿಗೆಗೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ನನ್ನ ಆಯ್ಕೆ. ಆ ಭಾಗ ಬಾಗುವುದಿಲ್ಲ, ಒಳಗಿನ ಸಂದನ್ನೂ ಅಂಟು ತುಂಬುತ್ತದೆ. ಬಾಗುವ ಪಟ್ಟಿಯ ಮೇಲಿನ ತಗಡಿಗಾದರೆ ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟೇ ಲೇಸು: ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಗಟ್ಟಿಯಾಗಿ ಒತ್ತಬೇಕು.

ಅಂಟಿಗಿಂತ ತಯಾರಿಯೇ ಮುಖ್ಯ. ಹಳೆಯ ಅಂಟು, ಹಸಿರು ಕಿಲುಬು ಕೆರೆದು, ಲೋಹದ ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ. ಎಣ್ಣೆ ಕುಡಿದ ತೊಗಲಿಗೆ ಯಾವ ಅಂಟೂ ನಿಲ್ಲದು. ಅಂಟುವ ಜಾಗವನ್ನಷ್ಟೇ ತುಸು ತರಿಯಾಗಿಸಿ.

ಅಜ್ಜ, ಮುತ್ತಜ್ಜರ ಕಾಲದ ಒರೆಯಾದರೆ ದಯವಿಟ್ಟು ಎಪಾಕ್ಸಿ ಮುಟ್ಟಿಸಬೇಡಿ, ಅದನ್ನು ಮತ್ತೆ ಬಿಡಿಸುವುದು ಕಷ್ಟ. ಹಿಂದಿನವರು ಕತ್ತಿಯ ಹಿಡಿಗೆ ಅರಗು ತುಂಬುತ್ತಿದ್ದರು. ಕಾಯಿಸಿದರೆ ಅದು ಸಡಿಲುತ್ತಿತ್ತು. ತೊಗಲು ಮಾತ್ರ ಬಿಸಿಗೆ ಮುದುರುತ್ತದೆ. ಹಾಗಾಗಿ ತೆಳುವಾದ ತೊಗಲಿನ ಚೂರನ್ನು ಸಂದಿಗೆ ಇಟ್ಟು ಟೊಪ್ಪಿಗೆಯನ್ನು ಬಿಗಿಯಾಗಿ ಕೂಡಿಸಿದರೆ ಸಾಕು.

ಅಂಟು ಪೂರ್ತಿ ಗಟ್ಟಿಯಾಗುವವರೆಗೆ, ಕನಿಷ್ಠ ಒಂದು ದಿನ, ಅಲಗನ್ನು ಒಳಗೆ ಹಾಕಬೇಡಿ. ಪೂಜೆ ಮುಗಿದ ಮೇಲೂ ಅಲಗಿಗೆ ಎಣ್ಣೆ ಸವರಿ ಬೇರೆಯಾಗಿ ಇಡಿ. ತೊಗಲು ತೇವ ಹಿಡಿದು ತುಕ್ಕು ತರಿಸುತ್ತದೆ.