ದೊಡ್ಡ ಕೊಡವಲ್ಲ, ಎಂಟು ಸಲ

ಅಭ್ಯಾಸ ಬೋಧನೆಗೆಂದು ಜಗಳೂರು ತಾಲ್ಲೂಕಿನ ಶಾಲೆಯೊಂದರಲ್ಲಿ 5ನೇ ತರಗತಿಗೆ ‘ದತ್ತಾಂಶಗಳ ನಿರ್ವಹಣೆ’ ಪಾಠ ಮಾಡಿದೆ. ಮಳೆ ಕಡಿಮೆಯ ಸೀಮೆ. ಹಾಗಾಗಿ ಬೆಳಿಗ್ಗೆ ಯಾರು ಎಷ್ಟು ಕೊಡ ನೀರು ತಂದರೆಂದು ಕೇಳಿ, ಮಕ್ಕಳಿಂದಲೇ ತಾಳೆ ಗುರುತು ಹಾಕಿಸಿದೆ.

ಚಿತ್ರನಕ್ಷೆ ಬರೆಯುವಾಗ ಎಡವಿದೆ. 2 ಕೊಡ ತಂದವರಿಗೆ ಸಣ್ಣ ಕೊಡ, 8 ತಂದವಳಿಗೆ ಅದರ ನಾಲ್ಕು ಪಟ್ಟು ಎತ್ತರದ ಕೊಡ ಬಿಡಿಸಿದೆ. ಆ ಹುಡುಗಿ ಎದ್ದು, “ಸಾರ್, ನಾನು ದೊಡ್ಡ ಕೊಡ ತಂದಿಲ್ಲ. ಎಂಟು ಸಲ ಹೋಗಿ ಬಂದೀನಿ” ಎಂದಳು.

ನಿಜ. ಎತ್ತರದ ಜೊತೆ ಅಗಲವೂ ನಾಲ್ಕು ಪಟ್ಟಾಗಿ, ಚಿತ್ರ ಹಲಗೆಯ ಮೇಲೆ 16 ಪಟ್ಟು ಜಾಗ ಹಿಡಿದಿತ್ತು. ಅವಳು ನಡೆದ ಎಂಟು ಸಲ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಅಳಿಸಿ ಮತ್ತೆ ಬರೆದೆವು. ಎಲ್ಲ ಕೊಡಗಳೂ ಒಂದೇ ಅಳತೆ. ಒಂದು ಚಿತ್ರವೆಂದರೆ 2 ಕೊಡ. ಅವಳಿಗೆ ನಾಲ್ಕು ಚಿತ್ರ. ಐದು ತಂದವನಿಗೆ ಎರಡೂವರೆ. ಆ ಅರ್ಧ ಕೊಡವನ್ನು ಮಕ್ಕಳೇ ಸೂಚಿಸಿದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಶಾಲೆಗಳಿಗೆ ಹೋಗುವ ಸಹಪಾಠಿಗಳು ಕೊಡದ ಬದಲು ಅಡಿಕೆ ಮೂಟೆಯನ್ನೋ ಬಸ್ಸನ್ನೋ ಆರಿಸಿಕೊಳ್ಳಬಹುದು. ಚಿತ್ರದ ಅಳತೆ ಮಾತ್ರ ಒಂದೇ ಇರಲಿ. ಲೆಕ್ಕ ಕೊಟ್ಟ ಮಗುವಿಗೆ ತನ್ನ ಲೆಕ್ಕ ಅದರಲ್ಲಿ ಕಾಣಬೇಕು.