ಊರು ಬದಲಾದರೆ ಕಂಪ್ಯೂಟರಿನ ಹೆಸರೂ ಬದಲಾಗಬೇಕೇ?

ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಇಚಲಕರಂಜಿಯ ಮಗ್ಗದ ಆಫೀಸಿನಲ್ಲಿ ಒಂದು ಹೆಸರು, ಗಡಹಿಂಗ್ಲಜದ ಮನೆಯ ವೈಫೈಗೆ ಸೇರಿದ ಕೂಡಲೇ ಇನ್ನೊಂದು. ಕೊಲ್ಹಾಪುರದ ಅಂಗಡಿಯವರು ‘ವೈರಸ್, ಫಾರ್ಮ್ಯಾಟ್ ಮಾಡಿ’ ಎಂದರೆಂದು ಬರೆದಿದ್ದೀರಿ. ದಯವಿಟ್ಟು ಮಾಡಿಸಬೇಡಿ. ನಿಮ್ಮ ಬಿಲ್ಲು, ಬೀಮಿನ ಲೆಕ್ಕವೆಲ್ಲ ಸುಮ್ಮನೆ ಹೋದೀತು.

ಟರ್ಮಿನಲ್‌ನಲ್ಲಿ ‘ಹೋಸ್ಟ್‌ನೇಮ್‌ಸಿಟಿಎಲ್’ ಎಂದು ಟೈಪಿಸಿ ನೋಡಿ. ‘ಸ್ಟ್ಯಾಟಿಕ್’ ಎಂಬ ಸಾಲಿನಲ್ಲಿರುವುದು ಕಾಯಂ ಹೆಸರು, ‘ಟ್ರಾನ್ಸಿಯಂಟ್’ ಎಂಬುದರಲ್ಲಿರುವುದು ತಾತ್ಕಾಲಿಕ. ಕಾಯಂ ಹೆಸರು ಖಾಲಿಯಿದ್ದರೆ ಅಥವಾ ‘ಲೋಕಲ್‌ಹೋಸ್ಟ್’ ಎಂದಷ್ಟೇ ಇದ್ದರೆ, ರೂಟರ್ ಡಿಎಚ್‌ಸಿಪಿಯಲ್ಲಿ ಕಳಿಸಿದ ಹೆಸರನ್ನು ನೆಟ್‌ವರ್ಕ್‌ಮ್ಯಾನೇಜರ್ ಹಾಕಿಬಿಡುತ್ತದೆ. ಅಲ್ಲಿ ಸಿಗದಿದ್ದರೆ ಐಪಿ ವಿಳಾಸ ಹಿಡಿದು ಡಿಎನ್‌ಎಸ್‌ನಲ್ಲಿ ಹುಡುಕುತ್ತದೆ. ಹೆಸರು ಬದಲಿಸಲು ನೀವು ಬಳಸಿದ ಬರೀ ‘ಹೋಸ್ಟ್‌ನೇಮ್’ ಆಜ್ಞೆ ತಾತ್ಕಾಲಿಕವನ್ನಷ್ಟೇ ಮುಟ್ಟುತ್ತದೆ. ಅದಕ್ಕೇ ಹೆಸರು ಉಳಿಯಲಿಲ್ಲ.

‘ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್’ ಎಂದು ಕೊಟ್ಟು ಮುಂದೆ ಕಂಪ್ಯೂಟರಿಗೆ ಬೇಕಾದ ಹೆಸರು ಬರೆಯಿರಿ. ಸಣ್ಣಕ್ಷರ, ಅಂಕಿ, ನಡುವೆ ಬೇಕಿದ್ದರೆ ಅಡ್ಡಗೀಟು, ಅಷ್ಟೇ. ಖಾಲಿ ಜಾಗ, ಅಂಡರ್‌ಸ್ಕೋರ್ ಬೇಡ. ಇದರ ಬೆನ್ನಿಗೇ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲ್ ತೆರೆಯಿರಿ. ಉಬುಂಟು, ಡೆಬಿಯನ್‌ಗಳಲ್ಲಿ 127.0.1.1 ಸಾಲಿನಲ್ಲಿ ಹಳೆಯ ಹೆಸರು ಕೂತಿರುತ್ತದೆ. ಅದನ್ನು ಹೊಸ ಹೆಸರಿಗೆ ಬದಲಿಸದೆ ಬಿಟ್ಟರೆ ಪ್ರತಿ ಸಲ ಸುಡೊ ಗೊಣಗುತ್ತದೆ. ಬಹಳಷ್ಟು ಜನ ಮರೆಯುವುದು ಇದನ್ನೇ.

ಸಾಮಾನ್ಯವಾಗಿ ಇಷ್ಟು ಸಾಕು. ಆಮೇಲೂ ಬದಲಾದರೆ ನೆಟ್‌ವರ್ಕ್‌ಮ್ಯಾನೇಜರಿನ ಕಾನ್ಫಿಗ್ ಫೈಲಿನ ‘ಮೇನ್’ ಭಾಗದಲ್ಲಿ ‘ಹೋಸ್ಟ್‌ನೇಮ್-ಮೋಡ್=ನನ್’ ಎಂದು ಸೇರಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಆಫೀಸಿನ ಉಳಿದ ಕಂಪ್ಯೂಟರುಗಳು ಹಳೆಯ ಹೆಸರಿನಿಂದಲೇ ನಿಮ್ಮ ಶೇರ್ ಫೋಲ್ಡರ್ ಹುಡುಕುತ್ತಿದ್ದರೆ, ಅಲ್ಲೂ ಹೊಸ ಹೆಸರು ಕೊಡಿ.